ಬ್ರೇಕ್ ಮಾಸ್ಟರ್ ಸಿಲಿಂಡರ್ ಬದಲಿಸುವುದು, ಏರ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಸುತ್ತಮುತ್ತ ಕಾರು ಓಡಿಸುವವರ ಬ್ರೇಕಿಗೆ ಎರಡು ಪರೀಕ್ಷೆ. ಒಂದು ಕಡೆ ನಂದಿ ಬೆಟ್ಟದ ಇಳಿಜಾರು, ಇನ್ನೊಂದು ಕಡೆ ಹೆದ್ದಾರಿ 44ರ ವೇಗ. ಮನೆ ಮುಂದೆ ತಾವೇ ಸ್ಪ್ಯಾನರ್ ಹಿಡಿಯುವವರಿಗೂ, ಗ್ಯಾರೇಜಿನಲ್ಲಿ ನಿಂತು ಕೆಲಸ ನೋಡುವವರಿಗೂ ಉಪಯೋಗಕ್ಕೆ ಬರಲಿ ಅಂತ ಈ ಪ್ರಶ್ನೋತ್ತರ. ಗ್ಯಾರೇಜಿನಲ್ಲಿ ಆಡುವ ಪದಗಳನ್ನೇ ಇಲ್ಲೂ ಬಳಸಿದ್ದೇವೆ. ಬ್ರೇಕ್ ಆಯಿಲ್ ಅಂದರೆ ಬ್ರೇಕ್ ಫ್ಲೂಯಿಡ್, ಏರ್ ತೆಗೆಯುವುದು ಅಂದರೆ ಬ್ಲೀಡಿಂಗ್.

ಮಾಸ್ಟರ್ ಸಿಲಿಂಡರ್ ಮಾಡುವ ಕೆಲಸ ಏನು?

ನೀವು ಪೆಡಲ್ ಒತ್ತಿದ ಬಲವನ್ನು ಆಯಿಲ್ ಮೂಲಕ ನಾಲ್ಕೂ ಚಕ್ರಕ್ಕೆ ಕಳಿಸುತ್ತದೆ. ದೊಡ್ಡ ಸಿರಿಂಜ್ ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್ ಇರುತ್ತವೆ. ಎರಡಕ್ಕೂ ಬೇರೆ ಬೇರೆ ಲೈನ್, ಅಂದರೆ ಆಯಿಲ್ ಹೋಗುವ ಪೈಪ್. ಒಂದು ಲೈನ್ ಒಡೆದರೂ ಇನ್ನೊಂದರಲ್ಲಿ ಎರಡು ಚಕ್ರವಾದರೂ ಹಿಡಿಯಲಿ ಅಂತ ಈ ಏರ್ಪಾಡು. ಮುಂದಿನ ಚಕ್ರ ಎಳೆಯುವ ಬಹುತೇಕ ಸಣ್ಣ ಕಾರುಗಳಲ್ಲಿ ಲೈನ್ ಮೂಲೆಯಿಂದ ಮೂಲೆಗೆ ಹೋಗುತ್ತದೆ: ಮುಂದಿನ ಬಲ, ಹಿಂದಿನ ಎಡ ಒಂದು ಜೋಡಿ, ಮುಂದಿನ ಎಡ, ಹಿಂದಿನ ಬಲ ಇನ್ನೊಂದು.

ಮಾಸ್ಟರ್ ಹೋಗಿದೆ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಬ್ರೇಕ್ ಸರಿಯಿಲ್ಲ ಅಂದ ಕೂಡಲೇ ಮಾಸ್ಟರ್ ಬದಲಿಸಿ ಅನ್ನುವವರು ಜಾಸ್ತಿ. ದುಡ್ಡು ಕೊಟ್ಟು ಹೊಸದು ಹಾಕಿಸಿದ ಮೇಲೂ ಪೆಡಲ್ ಹಾಗೇ ಇದ್ದರೆ ಏನು ಮಾಡುತ್ತೀರಿ? ಮೊದಲು ಕಾಲಿಗೆ ಏನು ಗೊತ್ತಾಗುತ್ತದೆ ನೋಡಿ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ರಬ್ಬರ್ ಹೋಸ್ ಹಳೆಯದಾಗಿ ಉಬ್ಬುತ್ತಿದೆ. ಮೊದಲ ಸಲ ತುಂಬಾ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿ ನಿಂತರೆ, ಹೆಚ್ಚಾಗಿ ಹಿಂದಿನ ಡ್ರಮ್ಮಿನ ಶೂ ಸವೆದು ಅಡ್ಜಸ್ಟ್ ತಪ್ಪಿದೆ ಅಂತ ಅರ್ಥ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಬ್ರೇಕ್ ಮಾತ್ರ ಹಿಡಿಯದಿದ್ದರೆ ಬೂಸ್ಟರ್ (ಮಾಸ್ಟರಿನ ಹಿಂದೆ ಇದ್ದು, ವ್ಯಾಕ್ಯೂಮ್ ಬಳಸಿ ನಿಮ್ಮ ಕಾಲಿನ ಬಲ ಹೆಚ್ಚಿಸುವ ಭಾಗ) ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಿ. ಸಿಗ್ನಲ್‌ನಲ್ಲಿ ಕಾಲಿಟ್ಟುಕೊಂಡು ನಿಂತಾಗ ಪೆಡಲ್ ನಿಧಾನಕ್ಕೆ, ತಾನಾಗಿ ಕೆಳಗೆ ಇಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆಯೂ ಇಲ್ಲದಿದ್ದರೆ, ಆಗ ಮಾಸ್ಟರ್ ಮೇಲೆ ಅನುಮಾನ ಪಡಿ.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಪೆಡಲ್ ಒತ್ತಿ ಅರ್ಧ ನಿಮಿಷ ಒಂದೇ ಸಮ ಹಿಡಿದುಕೊಳ್ಳಿ. ಗಟ್ಟಿಯಾಗೂ ಒತ್ತಿ ನೋಡಿ, ಹಗುರವಾಗೂ ಒತ್ತಿ ನೋಡಿ. ಕೆಲವು ಮಾಸ್ಟರ್ ಜೋರಾಗಿ ಒತ್ತಿದಾಗ ಸರಿ ನಿಲ್ಲುತ್ತವೆ, ಹಗುರವಾಗಿ ಒತ್ತಿದಾಗ ಮಾತ್ರ ಕುಸಿಯುತ್ತವೆ. ಕಡಿಮೆ ಒತ್ತಡದಲ್ಲಿ ಸವೆದ ರಬ್ಬರ್ ಗೋಡೆಗೆ ಸರಿಯಾಗಿ ಅಂಟುವುದಿಲ್ಲ, ಅದಕ್ಕೆ.

ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತದೆ. ಇದೂ ದೋಷವಾ?

ಅಲ್ಲ. ಬೂಸ್ಟರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು, ಅಷ್ಟೇ.

ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯಲ್ಲಿ ಮಟ್ಟ ಇಳಿದೇ ಇಲ್ಲ. ಆದರೂ ಪೆಡಲ್ ಕುಸಿಯುತ್ತದೆ ಅಂದರೆ?

ಸೋರಿಕೆ ಒಳಗೇ ಇದೆ. ಪಿಸ್ಟನ್ ರಬ್ಬರ್ ಸವೆದು, ಮುಂದೆ ಹೋಗಬೇಕಾದ ಆಯಿಲ್ ಪಿಸ್ಟನ್ ಪಕ್ಕದಿಂದ ನುಸುಳಿ ಡಬ್ಬಿಗೇ ವಾಪಸ್ ಬರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಅದರ ಉಲ್ಟಾ: ಆಯಿಲ್ ಕಡಿಮೆ ಆಗುತ್ತಿದೆ, ನೆಲದ ಮೇಲೆ ಮಾತ್ರ ಏನೂ ಬಿದ್ದಿಲ್ಲ?

ಮೊದಲು ಬ್ರೇಕ್ ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಅದು ಸಹಜ. ಪ್ಯಾಡ್ ಚೆನ್ನಾಗಿದ್ದರೆ ಹಿಂದಿನ ಡ್ರಮ್ ಬಿಚ್ಚಿ, ಒಳಗೆ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿ. ಅಲ್ಲೂ ಒಣಗಿದ್ದರೆ, ಮಾಸ್ಟರಿನ ಹಿಂದಿನ ಸೀಲ್ ಹೋಗಿ ಆಯಿಲ್ ಬೂಸ್ಟರ್ ಒಳಗೆ ಸೇರುತ್ತಿರಬಹುದು. ಮಾಸ್ಟರ್ ಬಿಚ್ಚಿದಾಗ ಬೂಸ್ಟರ್ ಬಾಯಲ್ಲಿ ಒದ್ದೆ ಕಂಡರೆ ಅದೇ ಕಾರಣ. ಆಯಿಲ್ ಒಳಗೆ ತುಂಬಾ ದಿನ ನಿಂತಿದ್ದರೆ ಬೂಸ್ಟರಿನ ರಬ್ಬರ್ ಕೂಡ ಹಾಳಾಗಿರುತ್ತದೆ. ಆಗ ಖರ್ಚು ಎರಡು ಪಟ್ಟು.

ಹೀಗಿರುವ ಗಾಡಿಯನ್ನು ನಿಧಾನಕ್ಕೆ ಗ್ಯಾರೇಜಿನ ತನಕ ಓಡಿಸಬಹುದಾ?

ಬೇಡ. ಗುಡಿಬಂಡೆಯಿಂದ ಊರಿಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತೇನೆ ಅಂತ ಹೊರಡಬೇಡಿ. ಟೋ ಮಾಡಿಸಿ, ಅಥವಾ ಮೆಕ್ಯಾನಿಕ್ ಅಲ್ಲಿಗೇ ಬರಲಿ. ಹಗ್ಗ ಕಟ್ಟಿ ಎಳೆಯುವುದೂ ಬೇಡ, ಹಿಂದಿನ ಗಾಡಿಗೆ ಬ್ರೇಕೇ ಇಲ್ಲವಲ್ಲ.

ಓಡುವಾಗಲೇ ಪೆಡಲ್ ತಳಕ್ಕೆ ಹೋದರೆ?

ಕಾಲು ತೆಗೆದು ಬೇಗ ಬೇಗ ಪಂಪ್ ಮಾಡಿ. ಬಹಳ ಸಲ ಸ್ವಲ್ಪವಾದರೂ ಒತ್ತಡ ಸಿಗುತ್ತದೆ. ಜೊತೆಗೆ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕ್‌ಗೆ ಈ ಆಯಿಲ್ ಬೇಕಿಲ್ಲ, ಹೆಚ್ಚಿನ ಕಾರುಗಳಲ್ಲಿ ಅದು ಕೇಬಲ್ ಮೇಲೆ ನಡೆಯುತ್ತದೆ. ಅದರ ಬಟನ್ ಒತ್ತಿಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ. ಎಂಜಿನ್ ಮಾತ್ರ ಆಫ್ ಮಾಡಬೇಡಿ.

ವಾಷರ್ ಕಿಟ್ ಹಾಕಿಸಿದರೆ ಸಾಕಾ, ಪೂರ್ತಿ ಮಾಸ್ಟರ್ ಬೇಕಾ?

ಹಿಂದೆ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಕಿಟ್ ಹಾಕುವುದೇ ರೂಢಿ. ಸಿಲಿಂಡರ್ ಒಳಗೆ ಬೆರಳು ಆಡಿಸಿ, ಗೀರು ಇಲ್ಲ ಅಂದರೆ ರಬ್ಬರ್ ಬದಲಿಸಿ ಮುಗಿಸುತ್ತಿದ್ದರು. ಈಗಿನ ಅಲ್ಯೂಮಿನಿಯಂ ಸಿಲಿಂಡರ್ ಒಳಗೆ ತುಕ್ಕಿನ ಬದಲು ಸಣ್ಣ ಗುಳಿ ಬೀಳುತ್ತದೆ, ಉಜ್ಜಿದರೆ ಮೇಲಿನ ಪದರವೇ ಹೋಗುತ್ತದೆ. ಹೊಸ ರಬ್ಬರ್ ಆ ಗುಳಿಯ ಮೇಲೆ ಓಡಿ ಬೇಗ ಹರಿಯುತ್ತದೆ. ಪೂರ್ತಿ ಹೊಸದು ಸಿಗುವಾಗ ಕಿಟ್ ಹಾಕಿ ಉಳಿಸುವ ದುಡ್ಡಿಗೆ ಅರ್ಥವಿಲ್ಲ. ಗುಜರಿಯ ಮಾಸ್ಟರ್ ಅಂತೂ ಬೇಡವೇ ಬೇಡ.

ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಅಲ್ಲಿ ಅಸಲಿ, ನಕಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಬಿಲ್ ಕೇಳಿ ತಗೊಳ್ಳಿ. ಗಾಡಿಯ ಮಾಡೆಲ್ ಹೆಸರು ಹೇಳಿದರೆ ಸಾಲದು. ತಯಾರಾದ ವರ್ಷ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯೋ ಇಲ್ಲವೋ, ಚಾಸಿ ನಂಬರ್ ಎಲ್ಲ ಹೇಳಿ. ನೋಡಲು ಒಂದೇ ತರಹ ಇರುವ ಎರಡು ಮಾಸ್ಟರಿನ ಒಳ ಅಳತೆ ಬೇರೆ ಇರಬಹುದು. ಅಳತೆ ಬದಲಾದರೆ ಪೆಡಲ್ ಒತ್ತಬೇಕಾದ ಬಲವೂ, ಅದು ಇಳಿಯುವ ದೂರವೂ ಬದಲಾಗುತ್ತದೆ.

ಯಾವ ಬ್ರೇಕ್ ಆಯಿಲ್ ಹಾಕಬೇಕು?

ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ನಮ್ಮ ಕಾರುಗಳಿಗೆ ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ದರ್ಜೆಯದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ತೇವ ಹೀರಿಕೊಂಡ ಮೇಲಿನ ಲೆಕ್ಕ ಬೇರೆ: ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ಈ ಎರಡನೇ ಲೆಕ್ಕವನ್ನು ಆಯಿಲ್‌ನಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಅಳೆಯುತ್ತಾರೆ. ಸ್ವಲ್ಪ ನೀರು ಎಷ್ಟು ಕೆಲಸ ಕೆಡಿಸುತ್ತದೆ ನೋಡಿ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವುದು ಸುಮ್ನೆ ಹೇಳುವ ಮಾತಲ್ಲ.

ಡಾಟ್ 5 ಅಂತ ಇದೆ, ಅದು ಸಿಲಿಕೋನ್ ಆಯಿಲ್. ಬೇರೆಯವಕ್ಕೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯೇ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಸೇರಬಾರದು. ಸೇರಿದರೆ ಇಡೀ ಲೈನಿನ ರಬ್ಬರೆಲ್ಲ ಊದಿಕೊಳ್ಳುತ್ತವೆ, ಆಗ ಮಾಸ್ಟರ್ ಒಂದೇ ಅಲ್ಲ, ಎಲ್ಲವನ್ನೂ ಬದಲಿಸಬೇಕು. ಅರ್ಧ ಖಾಲಿಯಾಗಿ ವರ್ಷದಿಂದ ಶೆಲ್ಫಿನಲ್ಲಿರುವ ಡಬ್ಬಿಯನ್ನೂ ಬಳಸಬೇಡಿ. ಈ ಕೆಲಸಕ್ಕೆ ಸೀಲ್ ಇರುವ ಒಂದು ಲೀಟರ್ ತಂದಿಟ್ಟುಕೊಂಡರೆ ಸಣ್ಣ ಕಾರಿಗೆ ಧಾರಾಳವಾಗುತ್ತದೆ.

ಏನೇನು ಸಾಮಾನು ಬೇಕು?

ಮಾಮೂಲಿ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್, ಜಾಕಿ, ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಕಲ್ಲು ಅಥವಾ ಮರದ ತುಂಡು. ಅದರ ಜೊತೆ ಬ್ರೇಕ್ ಪೈಪ್ ನಟ್ಟಿಗೆಂದೇ ಇರುವ ಫ್ಲೇರ್ ಸ್ಪ್ಯಾನರ್. ರಿಂಗ್ ಸ್ಪ್ಯಾನರ್ ತರಹವೇ, ಪೈಪ್ ತೂರುವಷ್ಟು ಒಂದು ಕಡೆ ಸೀಳಿರುತ್ತದೆ. ಇದಿಲ್ಲದೆ ಕೈ ಹಾಕಬೇಡಿ. ಬಾಯಿ ಸ್ಪ್ಯಾನರ್ ಹಾಕಿದರೆ ಮೆತ್ತನೆಯ ನಟ್ಟಿನ ಮೂಲೆ ಉರುಟಾಗಿ, ಆಮೇಲೆ ಪೈಪನ್ನೇ ಕತ್ತರಿಸಬೇಕಾಗುತ್ತದೆ. ಇನ್ನು ನಿಪ್ಪಲ್ಲಿಗೆ (ಏರ್ ತೆಗೆಯಲು ಪ್ರತಿ ಚಕ್ರದ ಬ್ರೇಕಿನಲ್ಲಿರುವ ತೂತಿನ ಸ್ಕ್ರೂ) ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಒಂದು ಬಾಟಲಿ, ಸೂಜಿ ಇಲ್ಲದ ದೊಡ್ಡ ಸಿರಿಂಜ್, ವೇಸ್ಟ್ ಬಟ್ಟೆ, ಒಂದು ಬಕೆಟ್ ನೀರು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಆಯಿಲ್ ಕಣ್ಣಿಗೆ ಹಾರಿದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ್ ಹತ್ತಿರ ಹೋಗಿ.

ಹಳೆ ಮಾಸ್ಟರ್ ಬಿಚ್ಚುವುದು ಹೇಗೆ?

ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ. ಡಬ್ಬಿಯ ಸುತ್ತ ಒರೆಸಿ. ನಮ್ಮ ಕಡೆ ಕೆಂಪು ಧೂಳು ಜಾಸ್ತಿ, ಮುಚ್ಚಳ ತೆಗೆದ ಕ್ಷಣವೇ ಒಳಗೆ ಬೀಳುತ್ತದೆ. ಸಿರಿಂಜಿನಲ್ಲಿ ಹಳೆ ಆಯಿಲ್ ಎಳೆದು ಹಾಕಿ. ಲೆವೆಲ್ ಸೆನ್ಸರ್ ವೈರ್ ತೆಗೆಯಿರಿ. ಕೆಳಗೆ ಬಟ್ಟೆ ಹಾಸಿ, ಫ್ಲೇರ್ ಸ್ಪ್ಯಾನರಿನಿಂದ ಪೈಪ್ ನಟ್ ಸಡಿಲಿಸಿ. ನಟ್ ತಿರುಗುವಾಗ ಪೈಪೂ ತಿರುಗುತ್ತಿದ್ದರೆ ನಿಲ್ಲಿಸಿ, ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಸ್ವಲ್ಪ ಹೊತ್ತು ಬಿಡಿ. ಪೈಪ್ ಬಾಯಿಗೆ ರಬ್ಬರ್ ಟೋಪಿ ಹಾಕಿ.

ಆಮೇಲೆ ಬೂಸ್ಟರಿಗೆ ಹಿಡಿದಿರುವ ಎರಡು ನಟ್ ಬಿಚ್ಚಿ ಮಾಸ್ಟರನ್ನು ನೇರ ಮುಂದಕ್ಕೆ ಎಳೆಯಿರಿ. ಹಿಂದೆ ಓ-ರಿಂಗ್ (ರಬ್ಬರ್ ಬಳೆ) ಇರುತ್ತದೆ, ಹಳೆಯದು ಬೂಸ್ಟರಿಗೇ ಅಂಟಿಕೊಂಡು ಉಳಿದಿದೆಯಾ ನೋಡಿ. ಒಂದರ ಮೇಲೆ ಒಂದು ಎರಡು ಕೂತರೆ ವ್ಯಾಕ್ಯೂಮ್ ಲೀಕ್. ಬೂಸ್ಟರ್ ಒಳಗಿನ ಪುಶ್‌ರಾಡ್ (ಮಾಸ್ಟರಿನ ಪಿಸ್ಟನ್ ತಳ್ಳುವ ಕಡ್ಡಿ) ಜರುಗಿ ಬಿದ್ದಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಮಾಸ್ಟರ್ ಹೊರಗಿರುವಾಗ ಯಾರೂ ಪೆಡಲ್ ಮುಟ್ಟಬಾರದು. ಮಕ್ಕಳು ಸ್ಟೀರಿಂಗ್ ಹಿಡಿದು ಆಟ ಆಡಲು ಕೂರುವುದು ಸರಿಯಾಗಿ ಇದೇ ಹೊತ್ತಿಗೆ!

ಹೊಸ ಮಾಸ್ಟರನ್ನು ನೇರ ಕೂರಿಸಬಹುದಾ?

ಕೂರಿಸಿ ಆಮೇಲೆ ಒದ್ದಾಡುವವರೇ ಜಾಸ್ತಿ. ಒಳಗೆಲ್ಲ ಗಾಳಿ ತುಂಬಿರುತ್ತದೆ, ಅದನ್ನು ಅಷ್ಟುದ್ದದ ಲೈನಿನ ತುದಿಯಿಂದ ಹೊರಗೆ ತಳ್ಳುವುದು ಕಷ್ಟ. ಹೊರಗೇ ಏರ್ ತೆಗೆದು ಕೂರಿಸಿ.

ಮಾಸ್ಟರನ್ನು ವೈಸಿನಲ್ಲಿ ಸಮವಾಗಿ ಹಿಡಿಸಿ. ಬೂಸ್ಟರಿನ ನಟ್ ಕೂರುವ ಕಿವಿಯ ಭಾಗವನ್ನು ಹಿಡಿಸಬೇಕು, ಸಿಲಿಂಡರ್ ಮೈಯನ್ನಲ್ಲ. ಎರಡೂ ಔಟ್‌ಲೆಟ್ಟಿಗೆ ಸಣ್ಣ ಟ್ಯೂಬ್ ಹಾಕಿ, ಅದರ ತುದಿ ಡಬ್ಬಿಯ ಆಯಿಲ್ ಒಳಗೆ ಮುಳುಗಿರಲಿ. ಮೊಂಡು ತುದಿಯ ಸ್ಕ್ರೂಡ್ರೈವರಿನಿಂದ ಪಿಸ್ಟನ್ನನ್ನು ನಿಧಾನಕ್ಕೆ ಒತ್ತಿ, ಇನ್ನೂ ನಿಧಾನಕ್ಕೆ ಬಿಡಿ. ಗುಳ್ಳೆ ಬರುತ್ತವೆ. ಬರುವುದು ಪೂರ್ತಿ ನಿಲ್ಲುವ ತನಕ ಮಾಡುತ್ತಿರಿ. ಅವಸರದಲ್ಲಿ ಬಡಬಡ ಒತ್ತಿದರೆ ಆಯಿಲ್ ನೊರೆಯಾಗಿ ಗಾಳಿ ಮತ್ತೆ ಒಳಗೇ ಸೇರುತ್ತದೆ. ವೈಸ್ ಇಲ್ಲದವರು ಮಾಸ್ಟರನ್ನು ಗಾಡಿಗೇ ಕೂರಿಸಿ, ಲೈನ್ ಹಾಕುವ ಮೊದಲು ಇದೇ ರೀತಿ ಟ್ಯೂಬ್ ಹಾಕಿ ಪೆಡಲಿನಿಂದ ಮಾಡಬಹುದು.

ಕೂರಿಸುವಾಗ ಒಂದು ಉಪಾಯ. ಬೂಸ್ಟರಿನ ನಟ್ಟನ್ನು ಮೊದಲೇ ಬಿಗಿ ಮಾಡಬೇಡಿ. ಮಾಸ್ಟರ್ ಸ್ವಲ್ಪ ಅಲ್ಲಾಡುವಂತಿದ್ದರೆ ಪೈಪ್ ನಟ್ ಬೆರಳಿನಲ್ಲೇ ಸಲೀಸಾಗಿ ಕೂರುತ್ತದೆ. ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹೋಗಬೇಕು, ಇಲ್ಲದಿದ್ದರೆ ಮರೆ (ಥ್ರೆಡ್) ಕೆಡುತ್ತದೆ.

ಯಾವ ಚಕ್ರದಿಂದ ಏರ್ ತೆಗೆಯಲು ಶುರು ಮಾಡಬೇಕು?

ಮಾಸ್ಟರಿನಿಂದ ಎಲ್ಲಕ್ಕಿಂತ ದೂರ ಇರುವುದರಿಂದ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ, ಹೆಚ್ಚಾಗಿ ಮಾಸ್ಟರೂ ಬಲಕ್ಕೆ. ಹಾಗಾಗಿ ಹಳೆ ಕ್ರಮ ಹೀಗೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮೂಲೆಯಿಂದ ಮೂಲೆಗೆ ಲೈನ್ ಇರುವ ಕಾರಿನಲ್ಲಿ ಕೆಲವು ಕಂಪನಿಗಳು ಹಿಂದಿನ ಎಡ ಆದ ಮೇಲೆ ಮುಂದಿನ ಬಲ ಮಾಡಿ ಅನ್ನುತ್ತವೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ವಿದೇಶದ ವಿಡಿಯೋ ನೋಡಿ ಎಡ ಬಲ ಅದಲು ಬದಲು ಮಾಡಿಕೊಳ್ಳಬೇಡಿ.

ಇಬ್ಬರು ಸೇರಿ ಏರ್ ತೆಗೆಯುವ ಕ್ರಮ ಹೇಳಿ.

ಒಬ್ಬರು ಪೆಡಲಿಗೆ, ಒಬ್ಬರು ನಿಪ್ಪಲ್ಲಿಗೆ. ಡಬ್ಬಿ ತುಂಬಿ. ನಿಪ್ಪಲ್ಲಿಗೆ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಹೊಸ ಆಯಿಲ್‌ನಲ್ಲಿ ಮುಳುಗಿರಲಿ. ಇನ್ನು ಉಳಿದದ್ದು ಮಾತುಕತೆ. ಕೆಳಗಿರುವವರು "ಒತ್ತಣ್ಣ" ಅಂದರೆ ಮೇಲಿನವರು ಮೂರು ನಾಲ್ಕು ಸಲ ನಿಧಾನಕ್ಕೆ ಪಂಪ್ ಮಾಡಿ, ಕೊನೆಯದನ್ನು ಒತ್ತಿ ಹಿಡಿದು "ಹಿಡ್ದಿದೀನಿ" ಅನ್ನಬೇಕು. ಆಗ ನಿಪ್ಪಲ್ ಅರ್ಧ ಸುತ್ತು ತೆಗೆಯಿರಿ. ಆಯಿಲ್ ಗುಳ್ಳೆಯ ಜೊತೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಿಪ್ಪಲ್ ಮುಚ್ಚಿ. ಮುಚ್ಚಿದ ಮೇಲಷ್ಟೇ "ಬಿಡು". ಇಡೀ ಕೆಲಸದ ಪ್ರಾಣ ಈ ಒಂದು ಮಾತಿನಲ್ಲಿದೆ. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೊರಗಿನ ಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಪೆಡಲಿನ ಮೇಲೆ ಕೂತವರು ಮೊಬೈಲ್ ನೋಡಬಾರದು.

ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಖಾಲಿ ಆಯಿತೋ, ಮತ್ತೆ ಮೊದಲಿನಿಂದ. ಕಪ್ಪು ಆಯಿಲ್ ಹೋಗಿ ತಿಳಿ ಬಣ್ಣದ್ದು ಗುಳ್ಳೆ ಇಲ್ಲದೆ ಬಂದರೆ ಆ ಚಕ್ರ ಮುಗಿಯಿತು. ಹೊರಗೆ ಬಂದ ಆಯಿಲನ್ನು ತಿರುಗಿ ಡಬ್ಬಿಗೆ ಸುರಿಯಬೇಡಿ, ಎಷ್ಟೇ ತಿಳಿಯಾಗಿ ಕಂಡರೂ.

ಹಳೆ ಮಾಸ್ಟರ್ ಉಳಿಸಿಕೊಂಡು ಆಯಿಲ್ ಮಾತ್ರ ಬದಲಿಸುವವರು ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ಓಡಿಸುವಾಗ ಪಿಸ್ಟನ್ ಕೊನೆಯ ತನಕ ಹೋಗುವುದಿಲ್ಲ. ಆ ಭಾಗದಲ್ಲಿ ಕೊಳೆ, ತುಕ್ಕು ಕೂತಿರುತ್ತದೆ. ಪೂರ್ತಿ ಒತ್ತಿದರೆ ಚೆನ್ನಾಗಿದ್ದ ರಬ್ಬರ್ ಅಲ್ಲೇ ಹರಿಯುತ್ತದೆ. ಆಯಿಲ್ ಬದಲಿಸಿದ ಮಾರನೇ ದಿನವೇ ಮಾಸ್ಟರ್ ಹೋಯಿತು ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಒಬ್ಬನೇ ಮಾಡಬಹುದಾ?

ಮಾಡಬಹುದು. ನಿಪ್ಪಲ್ ತೆರೆದು ಆಯಿಲ್ ತಾನೇ ಇಳಿಯಲು ಬಿಡುವುದು ಒಂದು ದಾರಿ, ತಾಳ್ಮೆ ಬೇಕು. ಕೈ ವ್ಯಾಕ್ಯೂಮ್ ಪಂಪ್ ಇನ್ನೊಂದು ದಾರಿ. ಅದರಲ್ಲಿ ನಿಪ್ಪಲ್ಲಿನ ಮರೆಯ ಸಂದಿನಿಂದಲೂ ಗಾಳಿ ಬಂದು ಗುಳ್ಳೆ ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. ಗಾಬರಿ ಬೇಡ, ಕೊನೆಗೆ ಪೆಡಲ್ ಗಟ್ಟಿ ಇದೆಯಾ ನೋಡಿ.

ಎಬಿಎಸ್ ಇರುವ ಕಾರಿಗೂ ಇದೇ ಕ್ರಮನಾ?

ಮಾಸ್ಟರ್ ಮಾತ್ರ ಬದಲಿಸಿ, ಎಬಿಎಸ್ ಬ್ಲಾಕ್ (ಅದರ ವಾಲ್ವ್, ಪಂಪ್ ಇರುವ ಭಾಗ) ಒಣಗಲು ಬಿಡದಿದ್ದರೆ ಹೆಚ್ಚಿನ ಸಲ ಇದೇ ಕ್ರಮ ಸಾಕು. ಬ್ಲಾಕಿನ ಒಳಗೆ ಗಾಳಿ ಸೇರಿದರೆ ಕಥೆ ಬೇರೆ. ಅಲ್ಲಿನ ಕೆಲವು ವಾಲ್ವ್‌ಗಳು ಸುಮ್ಮನಿರುವಾಗ ಮುಚ್ಚಿರುತ್ತವೆ, ಹೆಚ್ಚಾಗಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಾಕಿ ವಾಲ್ವ್, ಪಂಪ್ ಓಡಿಸಿದರೆ ಮಾತ್ರ ಆ ಗಾಳಿ ಹೊರಗೆ ಬರುತ್ತದೆ. ಸ್ಕ್ಯಾನರ್ ಇರುವ ಗ್ಯಾರೇಜ್ ಹುಡುಕಿ. ಗಾಡಿಯನ್ನು ಅಲ್ಲಿಗೆ ಟೋ ಮಾಡಿಸಿ.

ಎಲ್ಲಾ ಮಾಡಿದ ಮೇಲೂ ಪೆಡಲ್ ಮೆತ್ತಗೇ ಇದೆ!

ಕ್ಯಾಲಿಪರ್ ಎಡ ಬಲ ಅದಲು ಬದಲಾಗಿದೆಯಾ ನೋಡಿ. ನಿಪ್ಪಲ್ ಯಾವಾಗಲೂ ಮೇಲಿರಬೇಕು, ಕೆಳಗಿದ್ದರೆ ಗಾಳಿ ಮೇಲೆಯೇ ಉಳಿಯುತ್ತದೆ. ಹಿಂದಿನ ಡ್ರಮ್ ಅಡ್ಜಸ್ಟ್ ಮಾಡಿ. ಪೆಡಲ್ ಒತ್ತಿಸಿ ಒಂದೊಂದೇ ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದು ನೋಡಿ, ಉಬ್ಬಿದರೆ ಬದಲಿಸಿ.

ಟೊಮೆಟೊ ಕ್ರೇಟ್ ಹೊರುವ ವ್ಯಾನ್, ಪಿಕಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಲವಕ್ಕೆ ಹಿಂದಿನ ಆಕ್ಸಲ್ ಹತ್ತಿರ ಲೋಡ್ ನೋಡಿ ಒತ್ತಡ ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ ಚಕ್ರ ನೇತಾಡಿಸಿದರೆ, ಗಾಡಿ ಖಾಲಿ ಅಂದುಕೊಂಡು ಅದು ಆಯಿಲ್ ತಡೆಯುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಏರ್ ತೆಗೆಯಿರಿ.

ಪೆಡಲ್ ಗಟ್ಟಿ ಇದೆ, ಆದರೆ ಸ್ವಲ್ಪ ದೂರ ಹೋದ ಮೇಲೆ ಚಕ್ರ ಬಿಸಿಯಾಗಿ ಬ್ರೇಕ್ ಹಿಡಿದುಕೊಳ್ಳುತ್ತದೆ?

ಬೂಸ್ಟರಿನ ಪುಶ್‌ರಾಡ್ ಅಳತೆ ತಪ್ಪಿದೆ. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಬಿಸಿಗೆ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲ, ಬ್ರೇಕ್ ತಾನೇ ಹಿಡಿಯುತ್ತದೆ. ಮಾಸ್ಟರಿನ ಎರಡು ನಟ್ ಸ್ವಲ್ಪ ಸಡಿಲಿಸಿದಾಗ ಚಕ್ರ ಬಿಟ್ಟರೆ ಇದೇ ದೋಷ. ನಾಲ್ಕರಲ್ಲಿ ಒಂದೇ ಚಕ್ರ ಬಿಸಿಯಾದರೆ ಮಾಸ್ಟರ್ ಬಿಡಿ, ಆ ಚಕ್ರದ ಕ್ಯಾಲಿಪರ್ ಅಥವಾ ಹೋಸ್ ನೋಡಿ.

ಬ್ರೇಕ್ ಕೆಲಸ ಆದ ಮೇಲೆ ಕ್ಲಚ್ ಕೂಡ ಕೆಟ್ಟಿತು. ಯಾಕೆ?

ಕೆಲವು ಕಾರುಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯ ಆಯಿಲ್. ಡಬ್ಬಿ ಖಾಲಿಯಾದಾಗ ಅದಕ್ಕೂ ಗಾಳಿ ಸೇರಿದೆ. ಅಲ್ಲೂ ಏರ್ ತೆಗೆಯಿರಿ.

ಮೊದಲ ಓಟ ಎಲ್ಲಿ, ಹೇಗೆ?

ಗಾಡಿ ಅಲುಗಾಡುವ ಮೊದಲು ಅರ್ಧ ನಿಮಿಷದ ಪರೀಕ್ಷೆ ಮತ್ತೆ ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಪ್ರತಿ ನಟ್, ನಿಪ್ಪಲ್ ಮೇಲೆ ಒಣ ಟಿಶ್ಯೂ ಒತ್ತಿ ನೋಡಲಿ. ಬ್ರೇಕ್ ಲೈಟ್ ಹತ್ತುತ್ತದೆಯಾ ನೋಡಿ. ಸೈಟು ಮಾಡಿ ರಸ್ತೆ ಹಾಕಿ, ಮನೆ ಮಾತ್ರ ಕಟ್ಟದ ಲೇಔಟ್‌ಗಳಿಗೆ ನಮ್ಮ ಊರ ಸುತ್ತ ಬರವಿಲ್ಲ. ಅಲ್ಲಿ ಹತ್ತು, ಆಮೇಲೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿ ಬ್ರೇಕ್ ಹಾಕಿ. ಊರಿನ ಮುಖ್ಯ ರಸ್ತೆಯಾದ ಬಿ.ಬಿ. ರಸ್ತೆಗೆ ಆಮೇಲೆ ಬನ್ನಿ. ಒಂದೆರಡು ದಿನ ಓಡಿಸಿ ಆಯಿಲ್ ಮಟ್ಟ ಮತ್ತೊಮ್ಮೆ ನೋಡಿ.

ನಂದಿ ಬೆಟ್ಟದಿಂದ ಇಳಿಯುವಾಗ ಪೆಡಲ್ ತಳಕ್ಕೆ ಹೋಗಿತ್ತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಮಾಸ್ಟರ್ ಬದಲಿಸಬೇಕಾ?

ಇದು ಮಾಸ್ಟರ್ ದೋಷ ಅಲ್ಲದಿರುವ ಸಾಧ್ಯತೆಯೇ ಜಾಸ್ತಿ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ತಿರುವಿನ ಮೇಲೆ ತಿರುವು, ವಾರಾಂತ್ಯದಲ್ಲಿ ಸಾಲುಗಟ್ಟಿದ ಗಾಡಿಗಳು, ಕಾಲು ಪೆಡಲ್ ಮೇಲೇ ಇರುತ್ತದೆ. ಡಿಸ್ಕಿನ ಬಿಸಿ ಕ್ಯಾಲಿಪರಿನ ಆಯಿಲ್‌ಗೆ ದಾಟುತ್ತದೆ. ಆಯಿಲ್ ಹಳೆಯದಾಗಿ ನೀರು ಹೀರಿದ್ದರೆ ಕುದಿದು ಆವಿಯಾಗುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಆವಿಯನ್ನು ಅದುಮುವುದಕ್ಕೇ ಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಗಿ, ಏನೂ ಆಗಿಲ್ಲವೇನೋ ಅನ್ನುವಂತೆ ಪೆಡಲ್ ಗಟ್ಟಿಯಾಗುತ್ತದೆ. ಹಾಗಂತ ಬಿಡಬೇಡಿ, ಮುಂದಿನ ಸಲವೂ ಹಾಗೇ ಆಗುತ್ತದೆ. ಆಯಿಲ್ ಪೂರ್ತಿ ಬದಲಿಸಿ. ತಣ್ಣಗಿರುವಾಗಲೂ ಪೆಡಲ್ ನಿಧಾನಕ್ಕೆ ಕುಸಿದರೆ ಆಗ ಮಾಸ್ಟರ್ ಕಡೆ ಬನ್ನಿ.

ಪೆಡಲ್ ಗಟ್ಟಿಯಾಗೇ ಇದ್ದು ಬ್ರೇಕ್ ಹಿಡಿಯದೆ ಸುಟ್ಟ ವಾಸನೆ ಬಂದಿದ್ದರೆ ಅದು ಪ್ಯಾಡ್ ಕಾದದ್ದು, ಆಯಿಲ್ ಕುದಿದದ್ದಲ್ಲ.

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಿ ಇಳಿಯುವವರು ಈಗಲೂ ಇದ್ದಾರೆ. ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ತಾನೇ ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿದರೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೂಸ್ಟರ್ ಖಾಲಿ. ಆಮೇಲೆ ಪೆಡಲ್ ಕಲ್ಲು.

ಬಾನೆಟ್ ಮೇಲೆ ಆಯಿಲ್ ಚೆಲ್ಲಿತು. ಉಳಿದ ಹಳೆ ಆಯಿಲ್ ಏನು ಮಾಡಲಿ?

ಚೆಲ್ಲಿದ ಕೂಡಲೇ ನೀರು ಸುರಿಯಿರಿ. ಒರೆಸಲು ಹೋದರೆ ಪೇಂಟ್ ಮೇಲೆ ಇನ್ನಷ್ಟು ಹರಡುತ್ತದೆ. ಈ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ತೊಳೆದರೆ ಹೋಗುತ್ತದೆ. ಹಾಗೇ ಬಿಟ್ಟರೆ ಪೇಂಟ್ ಉಬ್ಬಿ ಏಳುತ್ತದೆ. ಹಳೆಯದನ್ನು ಮುಚ್ಚಳ ಇರುವ ಬಾಟಲಿಗೆ ತುಂಬಿ ಮೇಲೆ ಹೆಸರು ಬರೆಯಿರಿ. ಜ್ಯೂಸ್ ಬಾಟಲಿ ಬೇಡ, ಮಕ್ಕಳು ಕುಡಿದುಬಿಟ್ಟಾರು. ಚರಂಡಿಗೂ ಹಿತ್ತಲಿಗೂ ಸುರಿಯದೆ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲ್ ಡ್ರಮ್ಮಿಗೆ ಸುರಿಯದೆ ಬೇರೆಯಾಗಿಯೇ ಇಡಲು ಹೇಳಿ.